ಹೆಸರನ್ನು ಕೇಳಬೇಕೆ, ಶಕ್ತಿಯನ್ನು ಕೇಳಬೇಕೆ?

ದೂರದ ಸರ್ವರ್ ಯಂತ್ರದ ಕದ ತಟ್ಟುವವರಲ್ಲಿ ಎರಡು ಬಗೆಯವರುಂಟು. ಬ್ರೌಸರಿನ ಮೂಲಕ ಬರುವವನಿಗೆ ಬಣ್ಣ, ಚಿತ್ರ, ಗುಂಡಿಗಳಿಂದ ಕೂಡಿದ ಪುಟ ಬೇಕು. ಟರ್ಮಿನಲ್ ಎಮ್ಯುಲೇಟರಿನ ಮೂಲಕ ಬರುವವನಿಗೆ ಅಕ್ಷರಗಳ ಸಾಲುಗಳಷ್ಟೇ ಸಾಕು. ಬಂದವನ ಮುಖವನ್ನು ಸರ್ವರ್ ಕಾಣಲಾರದು. ತಂತಿಯ ಮೇಲೆ ಹರಿದು ಬರುವ ಬೈಟುಗಳೇ ಅದಕ್ಕೆ ಆಧಾರ. ಬಂದವನು ಇಂಥವನೆಂದು ಅದು ತಿಳಿಯುವುದು ಹೇಗೆ? ತಿಳಿದ ಮೇಲೆ ಅವನೊಡನೆ ನಡೆದುಕೊಳ್ಳಬೇಕಾದುದು ಹೇಗೆ? ಎರಡನೆಯ ಪ್ರಶ್ನೆಯೇ ಹೆಚ್ಚು ಮಹತ್ತ್ವದ್ದೆಂದು ನಾವು ತಿಳಿಯುತ್ತೇವೆ.

ಮೊದಲು ಟರ್ಮಿನಲ್ಲಿನ ವಿಚಾರ. ೧೯೭೮ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯು ವಿಟಿ ೧೦೦ ಎಂಬ ಉಪಕರಣವನ್ನು ಹೊರತಂದಿತು. ಒಂದು ತೆರೆ, ಒಂದು ಕೀಲಿಮಣೆ. ತೆರೆಯ ಮೇಲೆ ಸಾಲಿಗೆ ೮೦ ಅಕ್ಷರಗಳಂತೆ ೨೪ ಸಾಲುಗಳು. ಇಂತಹ ಉಪಕರಣವನ್ನು ಅನುಕರಿಸುವ ತಂತ್ರಾಂಶವೇ ಇಂದಿನ ಟರ್ಮಿನಲ್ ಎಮ್ಯುಲೇಟರ್. ವಿಟಿ ೧೦೦ಕ್ಕೆ ಒಂದು ಗೊತ್ತಾದ ಸಂಕೇತವನ್ನು ಕಳುಹಿಸಿದರೆ, ತನ್ನ ಸಾಮರ್ಥ್ಯವೇನೆಂಬುದನ್ನು ಅದು ಇನ್ನೊಂದು ಸಂಕೇತದಿಂದ ತಿಳಿಸುತ್ತಿತ್ತು. ಇದು ಶಕ್ತಿಯನ್ನು ಕೇಳುವ ಮಾರ್ಗ. ಇದಲ್ಲದೆ ಟೆಲ್ನೆಟ್, ಎಸ್‌ಎಸ್‌ಎಚ್ ಮುಂತಾದ ಸಂಪರ್ಕಗಳಲ್ಲಿ ಟರ್ಮಿನಲ್ಲಿನ ಹೆಸರನ್ನೇ ಸರ್ವರಿಗೆ ತಿಳಿಸುವ ಏರ್ಪಾಡೂ ಇದೆ.

ವೆಬ್ಬಿನಲ್ಲಿ ಬಳಕೆಗೆ ಬಂದುದು ಹೆಸರಿನ ಮಾರ್ಗ. ಪ್ರತಿಯೊಂದು ಕೋರಿಕೆಯ ತಲೆಬರಹದಲ್ಲಿ ಯೂಸರ್-ಏಜೆಂಟ್ ಎಂಬ ಸಾಲಿರುವುದುಂಟು. ಬ್ರೌಸರು ಅಲ್ಲಿ ತನ್ನ ಹೆಸರನ್ನು ಬರೆಯುತ್ತದೆ. ಟರ್ಮಿನಲ್ಲಿನಲ್ಲಿ ಬಳಸುವ ಕರ್ಲ್ ಎಂಬ ಉಪಕರಣವೂ ಬರೆಯುತ್ತದೆ. ಹವಾಮಾನವನ್ನು ತಿಳಿಸುವ ಒಂದು ಸೇವೆಯು ಈ ಸಾಲನ್ನು ನೋಡಿ, ಕರ್ಲಿಗೆ ಬರಿಯ ಅಕ್ಷರಗಳಲ್ಲಿಯೂ ಬ್ರೌಸರಿಗೆ ಪುಟದ ರೂಪದಲ್ಲಿಯೂ ಉತ್ತರ ಕೊಡುತ್ತದೆ. ಇದು ಉಪಕಾರವೇ ಸರಿ.

ಆದರೆ ಹೆಸರೆಂಬುದು ಬಂದವನು ತಾನೇ ಹೇಳಿಕೊಂಡ ಮಾತು. ೧೯೯೪ರಲ್ಲಿ ಬಂದ ನೆಟ್‌ಸ್ಕೇಪ್ ಬ್ರೌಸರು ತನ್ನನ್ನು ಮೊಜಿಲ್ಲಾ ಎಂದು ಕರೆದುಕೊಂಡಿತು. ಕೆಲವು ಸರ್ವರುಗಳು ಉತ್ತಮವಾದ ಪುಟಗಳನ್ನು ಆ ಹೆಸರಿನವರಿಗೆ ಮಾತ್ರ ಕೊಡತೊಡಗಿದವು. ಆಗ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ತಾನೂ ಮೊಜಿಲ್ಲಾ ಎಂದಿತು. ೨೦೦೮ರಲ್ಲಿ ಬಂದ ಕ್ರೋಮ್, ಮೊಜಿಲ್ಲಾ ಸಫಾರಿಗಳೆರಡರ ಹೆಸರನ್ನೂ ಹೊತ್ತುಕೊಂಡಿತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಇಲ್ಲಿ ನೆನಪಾಗುವುದು. ಟರ್ಮಿನಲ್ಲುಗಳಲ್ಲಿಯೂ ಹೀಗೆಯೇ: ಹಲವು ಎಮ್ಯುಲೇಟರುಗಳು ಇಂದು ಎಕ್ಸ್‌ಟರ್ಮ್ ಎಂಬ ಹಳೆಯ ಹೆಸರಿನಲ್ಲಿಯೇ ಬರುತ್ತವೆ. ಇದಕ್ಕಿಂತ ವಿಚಿತ್ರವೆಂದರೆ, ಬ್ರೌಸರಿನ ಪುಟದೊಳಗೇ ಟರ್ಮಿನಲ್ಲನ್ನು ತೆರೆಯಬಲ್ಲ ತಂತ್ರಾಂಶಗಳೂ ಈಗ ಉಂಟು. ಅಲ್ಲಿ ಕುಳಿತವನು ಬ್ರೌಸರಿನವನೋ ಟರ್ಮಿನಲ್ಲಿನವನೋ? ಎರಡೂ ಹೌದು. ಪ್ರಶ್ನೆಯೇ ಅಲ್ಲಿ ಅರ್ಥ ಕಳೆದುಕೊಳ್ಳುವುದು.

ಈ ಸುಳ್ಳು ಹುಟ್ಟಿದ್ದೇಕೆ? ನಿಜವಾದ ಹೆಸರನ್ನು ಹೇಳಿದವನಿಗೆ ಒಳ್ಳೆಯ ಪುಟ ದೊರೆಯುತ್ತಿರಲಿಲ್ಲ, ಆದುದರಿಂದಲೇ. ಇದರ ನಷ್ಟ ಯಾರಿಗೆಂಬುದನ್ನು ನೋಡಬೇಕು. ೧೯೯೨ರಲ್ಲಿ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲಿಂಕ್ಸ್ ಎಂಬ ಬ್ರೌಸರು ಟರ್ಮಿನಲ್ಲಿನಲ್ಲಿಯೇ ನಡೆಯುವುದು. ಅದು ಅಕ್ಷರಗಳನ್ನು ಮಾತ್ರ ತೋರಿಸುವುದು. ಅಕ್ಷರಗಳನ್ನು ಧ್ವನಿಯಾಗಿಯೋ ಬ್ರೈಲ್ ಚುಕ್ಕೆಗಳಾಗಿಯೋ ಮಾರ್ಪಡಿಸಿಕೊಂಡು ಓದುವ ಅಂಧರಿಗೂ, ಸಂಪರ್ಕ ಮಂದವಾಗಿರುವ ಊರಿನವರಿಗೂ ಇಂತಹ ಸಾಧನ ನೆರವಾಗಬಲ್ಲುದು. ನಿಮ್ಮ ಬ್ರೌಸರು ನಮಗೆ ಸಲ್ಲದು ಎಂದು ಕದವಿಕ್ಕಿದರೆ ಹೊರಗುಳಿಯುವವರು ಇವರೇ. ಕೇಡಿಗನಾದರೋ ಒಂದೇ ಆಜ್ಞೆಯಿಂದ ಕರ್ಲಿನ ಹೆಸರನ್ನು ಬದಲಿಸಿಕೊಂಡು ಒಳಗೆ ಬರುತ್ತಾನೆ. ಸತ್ಯವಂತನನ್ನು ತಡೆದು ವೇಷಧಾರಿಯನ್ನು ಬಿಡುವ ಬೇಲಿಯಿಂದ ಏನು ಪ್ರಯೋಜನ?

ಯಂತ್ರಗಳು ಎಡೆಬಿಡದೆ ಕೋರಿಕೆಗಳನ್ನು ಸುರಿದರೆ ಸರ್ವರಿಗೆ ತೊಂದರೆಯಾಗದೆ ಎಂದು ಕೆಲವರು ಕೇಳಬಹುದು. ಆಗುವುದು ನಿಜ. ಆದರೆ ಅದಕ್ಕೆ ಮದ್ದು ನಡತೆಯನ್ನು ಅಳೆಯುವುದು: ಒಂದು ನಿಮಿಷಕ್ಕೆ ಇಷ್ಟೇ ಕೋರಿಕೆ ಎಂದು ಮಿತಿಯಿಡಬಹುದು. ಗುಟ್ಟಿನ ವಿಷಯಗಳಿಗೆ ಗುಪ್ತಪದ, ಕೀಲಿಗಳ ಕಾವಲನ್ನು ಇಡಬಹುದು.

ಪುಟದ ರೂಪವನ್ನು ನಿರ್ಧರಿಸಲು ಶಕ್ತಿಯನ್ನೇ ಕೇಳಬೇಕು. ಕೋರಿಕೆಯ ತಲೆಬರಹದಲ್ಲಿ ಅಕ್ಸೆಪ್ಟ್ ಎಂಬ ಇನ್ನೊಂದು ಸಾಲುಂಟು. ಯಾವ ರೂಪದ ಉತ್ತರ ತನಗೆ ಸಲ್ಲುವುದೆಂದು ಬಂದವನು ಅಲ್ಲಿ ಹೇಳಬಹುದು. ಯಾವುದಾದರೂ ಆದೀತೆಂದು ಅವನು ಹೇಳಿದರೆ ಎಲ್ಲಕ್ಕಿಂತ ಸರಳವಾದುದನ್ನು ಕೊಡುವುದು ಲೇಸು. ಟರ್ಮಿನಲ್ಲಿಗಾದರೆ ಸಂಕೇತವನ್ನು ಕಳುಹಿಸಿ ಕ್ಷಣಕಾಲ ಕಾಯಬೇಕು; ಉತ್ತರ ಬಾರದಿದ್ದರೆ ಬರಿಯ ಅಕ್ಷರಗಳನ್ನೇ ಕಳುಹಿಸಬೇಕು. ಹೆಸರಿನಿಂದ ಮಾಡಿದ ಊಹೆಯನ್ನು ಸೌಕರ್ಯಕ್ಕೆ ಬಳಸಿದರೆ ದೋಷವಿಲ್ಲ. ಆದರೆ ಬೇರೆ ರೂಪವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಓದುಗನಿಗಿರಲೇಬೇಕು.

ಇಂದು ಶಾಲಾ ಕಾಲೇಜುಗಳಲ್ಲಿ ಪ್ರೋಗ್ರಾಮು ಬರೆಯಲು ಕಲಿಯುತ್ತಿರುವವರೇ ನಾಳೆ ಇಂತಹ ಸರ್ವರುಗಳನ್ನು ಕಟ್ಟುವರು. ನೀನಾರು ಎಂದು ಕೇಳುವ ಮೊದಲು ನಿನಗೇನು ಬೇಕು ಎಂದು ಕೇಳುವ ಪ್ರೋಗ್ರಾಮುಗಳನ್ನು ಅವರು ಬರೆಯಲಿ ಎಂಬುದೇ ನಮ್ಮ ಆಶಯ.