ಮಂಗ ಕೋವಿಯ ಕಂಪನಿ ಕೇಳೂದಿಲ್ಲ

ಬೆಳೆ ರಕ್ಷಣೆಗೆ ಲೈಸೆನ್ಸ್ ಸಿಕ್ಕಿದ ಕೂಡಲೇ ನಮ್ಮಲ್ಲಿ ಕೆಲವರದ್ದು ಒಂದೇ ಮಾತು: ತಗೊಂಡ್ರೆ ವಿಲಾಯ್ತಿ ಜೋಡು ನಳಿಗೆಯೇ ತಗೋಬೇಕು, ಹೆಸರಿದ್ದ ಕಂಪನಿದೇ ಆಗಬೇಕು. ಸಾಲ ಮಾಡಿಯಾದ್ರೂ ಸೈ. ನಾನು ಇದನ್ನ ಒಪ್ಪೂದಿಲ್ಲ. ಎರಡೆಕರೆ ತೋಟದವನಿಗೆ ನಮ್ಮ ದೇಶದಲ್ಲೇ ಮಾಡಿದ ಒಂಟಿ ನಳಿಗೆಯ ಸಾದಾ ತೋಟಾ ಕೋವಿ ಸಾಕು.

ಮೊದಲು ಕೋವಿಯ ಕೆಲಸ ಎಂಥದು ನೋಡಿ. ಹಾಡುವಳ್ಳಿ, ಗೇರುಸೊಪ್ಪ, ಸಂತೆಗುಳಿ, ಎಲ್ಲೇ ಇರಲಿ, ಕಾಡಿಗೆ ತಾಗಿದ ತೋಟದಲ್ಲಿ ಮಂಗ ಸೀಯಾಳ ಉದುರಿಸ್ತದೆ, ಹಂದಿ ಗದ್ದೆ ಅಗೆದು ಹಾಕ್ತದೆ. ಆದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅವನ್ನ ಕೊಲ್ಲುವ ಹಾಗಿಲ್ಲ. ಹಾಗಾಗಿ ನಮಗೆ ಬೇಕಾದ್ದು ಈಡಿನ ಸದ್ದು, ಹೆದರಿಸಿ ಓಡಿಸೂದಕ್ಕೆ. ಸಾದಾ ಕೋವಿಯ ಸದ್ದೇನು ಕಮ್ಮಿಯೇ?

12 ಬೋರ್ ಅಂದ್ರೆ ಒಂದು ಲೆಕ್ಕ. ಒಂದು ಪೌಂಡು ಸೀಸದಲ್ಲಿ ಸಮನಾಗಿ 12 ಗುಂಡು ಮಾಡಿದ್ರೆ ಒಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಒಳಗಲ ಅಷ್ಟು. ಇಂಗ್ಲೆಂಡಿನ ಗ್ರೀನರ್‌ಗೂ ಅದೇ ಅಳತೆ, ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆ ಕೋವಿಗೂ ಅದೇ ಅಳತೆ.

ಹಳೇ ವಿಲಾಯ್ತಿ ಕೋವಿಯ ಕೆಲಸಗಾರಿಕೆ ಚಂದ, ಇಲ್ಲ ಅನ್ನೂದಿಲ್ಲ. ಆದ್ರೆ ಇಲ್ಲಿ ಅದರ ರೇಟು ಏರಿದ್ದು ಬರೀ ಗುಣಕ್ಕಲ್ಲ. 1980ರ ದಶಕದಿಂದ ಹೊರಗಿನ ಕೋವಿ ತರಿಸೂದಕ್ಕೆ ಬಿಗಿ ನಿರ್ಬಂಧ ಇದೆ, ಹಾಗಾಗಿ ಇದ್ದದ್ದೇ ಕೈಯಿಂದ ಕೈಗೆ ಹೋಗ್ತಾ ದುಬಾರಿ ಆಯ್ತು. ಮತ್ತೊಂದು ವಿಷಯ, ಹಳೇ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟಕ್ಕೆ ತೋಟಾ ಕೂರುವ ಚೇಂಬರ್ ಎರಡೂವರೆ ಇಂಚು ಮಾತ್ರ. ಅದಕ್ಕೆ ಎರಡೂಮುಕ್ಕಾಲು ಇಂಚಿನ ತೋಟಾ ಹಾಕಿ ಹೊಡೆಯೂದು ಅಪಾಯ. ಹೆಚ್ಚು ದುಡ್ಡು ಕೊಟ್ಟು ಆ ಭಯ ಎಂತಕ್ಕೆ ಮನೆಗೆ ತರಬೇಕು ಮಾರಾಯ್ರೆ?

ಇನ್ನು ನಮ್ಮ ಹವೆ. ನಾಲ್ಕು ತಿಂಗಳು ಜಡಿಮಳೆ, ವರ್ಷವಿಡೀ ಕಡಲ ಉಪ್ಪುಗಾಳಿ. ಎಣ್ಣೆಬಟ್ಟೆ ಆಡಿಸದಿದ್ರೆ ಯಾವ ಕೋವಿಗೂ ತುಕ್ಕು ಹಿಡೀತದೆ. ಚುನಾವಣೆ ಬಂದ್ರೆ ಕೋವಿ ಠಾಣೆಗೆ ಹೋಗ್ತದೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ನಮ್ಮ ಜಿಲ್ಲೆಯ ಮತದಾನ ಮೇ 7, ಎಣಿಕೆ ಜೂನ್ 4. ಸಾಲದ ಬಡ್ಡಿ ಮಾತ್ರ ಅಷ್ಟೂ ದಿನ ಓಡ್ತಾ ಇರ್ತದೆ.

ಅಗ್ಗ ಅಂದ್ರೆ ಕಳ್ಳಕೋವಿ ಅಂತ ಯಾರೂ ತಿಳೀಬೇಡಿ. ಲೈಸೆನ್ಸ್ ಇಲ್ಲದ ನಾಡಕೋವಿ 1959ರ ಆಯುಧ ಕಾಯ್ದೆಯಡಿ ಅಪರಾಧ, ಮೇಲಿಂದ ನಳಿಗೆ ಒಡೆದ್ರೆ ಹೋಗೂದು ನಮ್ಮ ಕೈ, ನಮ್ಮ ಕಣ್ಣು. ಲೈಸೆನ್ಸ್ ಇದ್ದ ಅಂಗಡಿಯಲ್ಲೇ ತಗೊಳ್ಳಿ. ನಂಬರು, ಪರೀಕ್ಷೆಯ ಮುದ್ರೆ, ಬಿಲ್ಲು ನೋಡಿ. ನಳಿಗೆ ಒಳಗೆ ಬೆಳಕಿಗೆ ಹಿಡಿದು ಕುಳಿ, ತುಕ್ಕು ಇದೆಯಾ ನೋಡಿ. ಮಡಚಿ ಮುಚ್ಚಿದಾಗ ಸಡಿಲ ಇರಬಾರದು. ಅದೇ ತೋಟಾ ಹತ್ತಿರದಲ್ಲಿ ಸಿಗ್ತದಾ, ಕೆಟ್ರೆ ರಿಪೇರಿ ಎಲ್ಲಿ, ಇದನ್ನೂ ಕೇಳಿ. ಭರವಸೆ ಅಂದ್ರೆ ಇಷ್ಟೇ.

ಉಳಿದ ದುಡ್ಡು ಸೋಲಾರ್ ಬೇಲಿಗೆ ಹಾಕಿ. ಅದು ನೀವು ಮಲಗಿದಾಗಲೂ ತೋಟ ಕಾಯ್ತದೆ.

ನನ್ನ ಮಾತು ಒಪ್ಪದವರು ಧಾರಾಳ ಬರೀರಿ. ಆದ್ರೆ ಕಂಪನಿ ಹೆಸರು ಬರೀಬೇಡಿ, ಆ ಕೋವಿಯಿಂದ ಎಷ್ಟು ತೆಂಗಿನಕಾಯಿ ಹೆಚ್ಚು ಉಳೀತು ಅಂತ ಲೆಕ್ಕ ಬರೀರಿ.