ಪ್ರಯೋಗಕ್ಕೂ ಒಂದು ಸಂತೆ

ಇಳಕಲ್ ಸೀರೆಯನ್ನು ಕಂಡವರೆಲ್ಲರೂ ಅದರ ಸೆರಗನ್ನು ಮೆಚ್ಚುತ್ತಾರೆ. ಸೆರಗು ಮೈಗೆ ಕೂಡುವ ಗೆರೆಯನ್ನು ಗಮನಿಸುವವರು ವಿರಳ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೀರೆ ಒಂದಾಗುವುದು. ನೂಲು, ಬಣ್ಣ, ಹಾಸು, ನೇಯ್ಗೆ ಎಂದು ಕೆಲಸವು ಹಲವು ಕೈಗಳಿಗೆ ಹಂಚಿಹೋಗಿದ್ದರೂ, ಕೊಂಡಿ ಸಡಿಲವಾದರೆ ಅಷ್ಟೂ ಜನರ ಶ್ರಮ ವ್ಯರ್ಥ. ಹಂಚಿ ಮಾಡುವ ಕೆಲಸದ ಮರ್ಮವು ಕೂಡಿಸುವ ಜಾಗದಲ್ಲಿದೆಯೆಂಬುದನ್ನು ಈ ಸೀಮೆಯ ನೇಕಾರರು ಬಹು ಹಿಂದಿನಿಂದಲೂ ಬಲ್ಲರು. ವಿಜ್ಞಾನಿಗಳು ಮಾತ್ರ ಆ ಪಾಠವನ್ನು ಇತ್ತೀಚೆಗೆ ಹೊಸದಾಗಿ ಕಲಿಯಬೇಕಾಗಿ ಬಂದಿದೆ.

ವಿಜ್ಞಾನಿಯೆಂದೊಡನೆ ಜನಸಾಮಾನ್ಯರ ಕಣ್ಣ ಮುಂದೆ ನಿಲ್ಲುವುದು ಗಾಜಿನ ನಳಿಕೆಗಳ ನಡುವೆ ಒಬ್ಬಂಟಿಯಾಗಿ ಕುಳಿತ ವ್ಯಕ್ತಿಯ ಚಿತ್ರ. ಆ ಕಾಲ ಬಹುಮಟ್ಟಿಗೆ ಹಿಂದೆ ಸರಿಯಿತು. ಇಂದು ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕಾದರೂ ವಂಶವಾಹಿಯನ್ನು ಓದುವ ಯಂತ್ರವೊಂದು, ಅಣುಗಳ ತೂಕ ನೋಡುವ ಯಂತ್ರ ಇನ್ನೊಂದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮತ್ತೊಂದು ಬೇಕಾಗಬಹುದು. ಇವುಗಳಲ್ಲಿ ಕೆಲವಕ್ಕೆ ಕೋಟಿಗಟ್ಟಲೆ ರೂಪಾಯಿ ಬೆಲೆ. ಎಲ್ಲ ಯಂತ್ರಗಳನ್ನೂ ಎಲ್ಲ ಕಾಲೇಜುಗಳೂ ಕೊಳ್ಳಲಾರವು. ಕೊಂಡ ಕಡೆಯಲ್ಲಿಯೂ ಅವು ವರ್ಷದ ಬಹುಭಾಗ ಸುಮ್ಮನೆ ಕುಳಿತಿರುವುದುಂಟು.

ಈ ಕೊರತೆಯಿಂದಲೇ ಅಂತರ್ಜಾಲದಲ್ಲಿ ಒಂದು ವಿಚಿತ್ರ ಸಂತೆ ಹುಟ್ಟಿಕೊಂಡಿತು. ಅಮೆರಿಕದಲ್ಲಿ 2007ರಲ್ಲಿ ಅಸ್ಸೇ ಡಿಪೋ ಎಂಬ ಸಂಸ್ಥೆ ಆರಂಭವಾಯಿತು. ಮುಂದೆ ಅದು ಸೈಂಟಿಸ್ಟ್ ಡಾಟ್ ಕಾಮ್ ಎಂಬ ಹೆಸರನ್ನು ತಾಳಿತು. 2011ರಲ್ಲಿ ಸೈನ್ಸ್ ಎಕ್ಸ್‌ಚೇಂಜ್ ಬಂದಿತು. ಅದನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಎಲಿಜಬೆತ್ ಐಯಾರ್ನ್ಸ್ ಸ್ವತಃ ಕ್ಯಾನ್ಸರ್ ಸಂಶೋಧಕಿ. ಇಂಥ ಸಂತೆಯ ವ್ಯವಹಾರ ಸರಳವಾದುದು. ತನಗೆ ಬೇಕಾದ ಪ್ರಯೋಗವೇನೆಂದು ಸಂಶೋಧಕನು ತಿಳಿಸುತ್ತಾನೆ. ಅದನ್ನು ಮಾಡಬಲ್ಲ ಪ್ರಯೋಗಶಾಲೆಗಳು ದರವನ್ನೂ ಅವಧಿಯನ್ನೂ ಹೇಳುತ್ತವೆ. ಒಪ್ಪಿಗೆಯಾದರೆ ಮಾದರಿ ಅತ್ತ ಹೋಗುತ್ತದೆ, ಫಲಿತಾಂಶ ಇತ್ತ ಬರುತ್ತದೆ. ಇಬ್ಬರೂ ಪರಸ್ಪರ ಮುಖ ನೋಡಬೇಕಾದ ಅಗತ್ಯವೂ ಇಲ್ಲ.

ಕನ್ನಡ ನಾಡಿಗೆ ಇದು ತೀರ ಅಪರಿಚಿತವಾದ ವ್ಯವಹಾರವಲ್ಲ. ಪರರಿಗಾಗಿ ಗುತ್ತಿಗೆಯ ಮೇಲೆ ಸಂಶೋಧನೆ ನಡೆಸುವ ಸಿಂಜೀನ್ ಸಂಸ್ಥೆಯು ಬಯೋಕಾನಿನ ಅಂಗವಾಗಿ 1993ರಲ್ಲಿಯೇ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ವಿದೇಶದ ಔಷಧ ಕಂಪನಿಗಳು ಕೇಳಿದ ಪ್ರಯೋಗಗಳನ್ನು ಇಲ್ಲಿಯ ತರುಣ ತರುಣಿಯರು ಮಾಡಿಕೊಡುತ್ತ ಬಂದಿದ್ದಾರೆ. ಆದರೆ ಸಾಮಾನ್ಯ ವಿದ್ಯಾರ್ಥಿಗೆ ಹತ್ತಿರವಾದ ಏರ್ಪಾಡು ಬೇರೊಂದಿದೆ. 2020ರ ಜನವರಿ 3ರಂದು, ಬೆಂಗಳೂರಿನಲ್ಲಿ ನಡೆದ 107ನೆಯ ಭಾರತೀಯ ವಿಜ್ಞಾನ ಸಮ್ಮೇಳನದ ಸಂದರ್ಭದಲ್ಲಿ, ಪ್ರಧಾನಿ ನರೇಂದ್ರ ಮೋದಿಯವರು 'ಐ-ಸ್ಟೆಮ್' ಎಂಬ ಜಾಲತಾಣವನ್ನು ಉದ್ಘಾಟಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಅದು ರೂಪುಗೊಂಡಿತು. ಸಾರ್ವಜನಿಕರ ಹಣದಿಂದ ಕೊಂಡ ಯಂತ್ರಗಳು ದೇಶದಲ್ಲಿ ಎಲ್ಲೆಲ್ಲಿವೆಯೆಂದು ತಿಳಿಸಿ, ಶುಲ್ಕ ತೆತ್ತು ಅವನ್ನು ಬಳಸಿಕೊಳ್ಳಲು ಇತರ ಊರಿನವರಿಗೂ ಅವಕಾಶ ಕಲ್ಪಿಸುವುದು ಅದರ ಉದ್ದೇಶ. ಪ್ರಜೆಗಳ ತೆರಿಗೆಯಿಂದ ಬಂದ ಯಂತ್ರವು ಪ್ರಜೆಗಳಿಗೆಲ್ಲ ಒದಗಬೇಕೆಂಬುದು ನ್ಯಾಯವೇ ಸರಿ.

ಇದರ ಬೆಲೆ ತಿಳಿಯಬೇಕಾದರೆ ರಾಜಧಾನಿಯಿಂದ ದೂರ ಹೋಗಿ ನೋಡಬೇಕು. ಬಾಗಲಕೋಟೆಯ ಶಿರೂರಿನಲ್ಲಿ ಒಂದು ದಾಳಿಂಬೆ ತೋಟವಿದೆಯೆಂದೂ, ಕಾಯಿಗಳ ಮೇಲೆ ಎಣ್ಣೆ ಹನಿಸಿದಂಥ ಚುಕ್ಕೆಗಳು ಮೂಡಿ, ಕಪ್ಪಾಗಿ, ಸಿಪ್ಪೆ ಬಿರಿಯತೊಡಗಿದೆಯೆಂದೂ ಭಾವಿಸಬಹುದು. ದುಂಡಾಣು ಅಂಗಮಾರಿಯ ಲಕ್ಷಣ ಅದೇ. ಭಾರತದಲ್ಲಿ 1952ರಲ್ಲಿ ಮೊದಲು ವರದಿಯಾದ ಈ ರೋಗವು ಮುಂದೆ ಉತ್ತರ ಕರ್ನಾಟಕದ ದಾಳಿಂಬೆ ಬೆಳೆಗಾರರನ್ನು ಕಂಗೆಡಿಸಿತು. ಆದರೆ ಕಾಯಿಯ ಮೇಲಿನ ಚುಕ್ಕೆಗಳೆಲ್ಲ ಅಂಗಮಾರಿಯಲ್ಲ. ಶಿಲೀಂಧ್ರದಿಂದಲೂ ಚುಕ್ಕೆ ಬರುವುದುಂಟು. ಶಿಲೀಂಧ್ರದ ಔಷಧ ಎಲ್ಲ ವೇಳೆಯಲ್ಲಿಯೂ ದುಂಡಾಣುವಿಗೆ ನಾಟದು. ರೋಗ ತಗುಲಿದ ಗಿಡದಿಂದ ಸಸಿ ಮಾಡಿದರೆ ರೋಗವೂ ಸಸಿಯೊಡನೆ ಹೊಸ ತೋಟಕ್ಕೆ ನಡೆದುಹೋಗುತ್ತದೆ. ಆದುದರಿಂದ ಒಂದು ಎಲೆಯ ಬಗೆಗಿನ ಉತ್ತರವು ಒಂದು ಕುಟುಂಬದ ಹಲವು ವರ್ಷಗಳ ಅನ್ನದ ಪ್ರಶ್ನೆ.

ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ದಾಳಿಂಬೆಗೆಂದೇ ಸೊಲ್ಲಾಪುರದಲ್ಲಿ 2005ರಿಂದ ರಾಷ್ಟ್ರೀಯ ಸಂಶೋಧನ ಕೇಂದ್ರವಿದೆ. ರೈತನಿಗೆ ಮೊದಲ ಆಸರೆ ಇಂಥ ಸಂಸ್ಥೆಗಳೇ. ಆದರೂ ಈ ದುಂಡಾಣುವಿನ ತಳಿಗಳು ಊರಿಂದ ಊರಿಗೆ ಹೇಗೆ ಬೇರೆಯಾಗಿವೆ ಎಂಬಂಥ ಆಳವಾದ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿನಿ ಕೈಗೆತ್ತಿಕೊಂಡರೆ, ವಂಶವಾಹಿಯ ಪೂರ್ಣ ಓದಿಗಾಗಿ ಮಾದರಿಯನ್ನು ನೂರಾರು ಮೈಲಿ ದೂರಕ್ಕೆ ಕಳುಹಿಸಬೇಕಾಗಿ ಬರಬಹುದು. ಹಿಂದೆ ಇದಕ್ಕೆ ಪರಿಚಯ ಬೇಕಿತ್ತು, ಶಿಫಾರಸು ಬೇಕಿತ್ತು. ಈಗ ಶುಲ್ಕವೂ ತಾಳ್ಮೆಯೂ ಇದ್ದರೆ ಸಾಕು. ದೊಡ್ಡವರ ಗುರುತಿಲ್ಲದ ಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ.

ಹಾಗಾದರೆ ಕೊಂಡಿ ಸಡಿಲವಾಗುವುದೆಲ್ಲಿ? ಇದಕ್ಕೆ ಉತ್ತರವು ಈ ಸಂತೆಯಿಂದಲೇ ಹೊರಬಂದಿತು. 2013ರಲ್ಲಿ ಸೈನ್ಸ್ ಎಕ್ಸ್‌ಚೇಂಜ್ ಸಂಸ್ಥೆಯೂ ಸೆಂಟರ್ ಫಾರ್ ಓಪನ್ ಸೈನ್ಸ್ ಎಂಬ ಸಂಸ್ಥೆಯೂ ಕೂಡಿ ಒಂದು ಸಾಹಸಕ್ಕೆ ಕೈ ಹಾಕಿದವು. ಕ್ಯಾನ್ಸರ್ ಕುರಿತು ಬಹಳ ಹೆಸರು ಮಾಡಿದ್ದ 53 ಪ್ರಬಂಧಗಳನ್ನು ಆರಿಸಿ, ಅವುಗಳೊಳಗಿನ 193 ಪ್ರಯೋಗಗಳನ್ನು ಬೇರೆ ಪ್ರಯೋಗಶಾಲೆಗಳಿಂದ ಮತ್ತೆ ಮಾಡಿಸಿ ನೋಡಬೇಕೆಂಬುದು ಸಂಕಲ್ಪ. ಫಲಿತಾಂಶಗಳ ಸಾರವು 2021ರ ಡಿಸೆಂಬರಿನಲ್ಲಿ ಪ್ರಕಟವಾಯಿತು. 193ರಲ್ಲಿ ಕೈಗೂಡಿದುದು 23 ಪ್ರಬಂಧಗಳ 50 ಪ್ರಯೋಗಗಳು ಮಾತ್ರ. ಮೂಲ ಲೇಖಕರನ್ನು ಕೇಳದೆ, ಪ್ರಬಂಧವನ್ನಷ್ಟೇ ಓದಿಕೊಂಡು ಮಾಡಬಹುದಾಗಿದ್ದ ಪ್ರಯೋಗ ಒಂದೂ ಇರಲಿಲ್ಲ. ಕೇಳಿದಾಗ ಕೆಲವರು ಧಾರಾಳವಾಗಿ ನೆರವಾದರು, ಕೆಲವರು ಉತ್ತರವನ್ನೇ ಕೊಡಲಿಲ್ಲ. ಮಾಡಿ ಮುಗಿಸಿದ ಪ್ರಯೋಗಗಳಲ್ಲಿಯೂ ಕಂಡ ಪರಿಣಾಮವು ಮೊದಲು ಹೇಳಿದ್ದಕ್ಕಿಂತ ಸಾಮಾನ್ಯವಾಗಿ ಬಹಳ ಕಡಿಮೆಯಾಗಿತ್ತು.

ಇದರಲ್ಲಿ ಎಲ್ಲವೂ ವಂಚನೆಯೆಂದು ತಿಳಿಯಬೇಕಾಗಿಲ್ಲ. ಮನೆಯ ಹಿರಿಯರ ಕೈಯ ಉಪ್ಪಿನಕಾಯಿಯ ಹದವನ್ನು ಕೇಳಿ ಬರೆದುಕೊಂಡ ಸೊಸೆಯರಿಗೆ ಈ ಕಷ್ಟ ಗೊತ್ತು. 'ಉಪ್ಪು ಒಂದಿಷ್ಟು, ಖಾರ ಹದವಾಗಿ' ಎಂದರೆ ಹೇಳಿದವರ ಮಟ್ಟಿಗೆ ಅದು ಪೂರ್ಣ ವಿವರ. ಬೇರೆ ಊರಿನ ಬೇರೆ ಅಡಿಗೆಮನೆಯಲ್ಲಿ ಅದು ಏನೂ ಅಲ್ಲ. ಕೆಲಸವು ಒಂದೇ ಮನೆಯಲ್ಲಿ ನಡೆಯುವಷ್ಟು ಕಾಲ ಕಣ್ಣಂದಾಜು ಸಾಕಾಗುತ್ತದೆ. ಹೊರಗೆ ಕೊಟ್ಟ ದಿನ, ಬರೆಯದೆ ಬಿಟ್ಟುದೆಲ್ಲ ತಪ್ಪಾಗಿ ತಿರುಗಿ ಬರುತ್ತದೆ.

ಶಿರೂರಿನ ಎಲೆಗೂ ಇದೇ ಮಾತು ಸಲ್ಲುತ್ತದೆ. ಯಾವ ತಳಿಯ ಗಿಡ, ಯಾವ ದಿನ ಕೊಯ್ದುದು, ಮಳೆಗೆ ಮೊದಲೋ ಆಮೇಲೋ, ಯಾವ ಔಷಧವನ್ನು ಎಂದು ಸಿಂಪಡಿಸಿತ್ತು, ದಾರಿಯಲ್ಲಿ ಎಷ್ಟು ಹೊತ್ತು ಬಿಸಿಲಿನಲ್ಲಿತ್ತು ಎಂಬುದನ್ನು ದೂರದ ಯಂತ್ರವು ಊಹಿಸಲಾರದು. ಅಲ್ಲಿಯ ಕೆಲಸಗಾರನು ನಿಷ್ಠೆಯಿಂದಲೇ ಅಳೆಯಬಹುದು. ಆದರೆ ತನಗೆ ಬಂದ ಎಲೆಯನ್ನು ಮಾತ್ರ ಅಳೆಯಬಲ್ಲನು. ಅದಕ್ಕಾಗಿಯೇ ಜಾಣರಾದ ಸಂಶೋಧಕರು ಸಂಶಯದ ಎಲೆಯೊಡನೆ ರೋಗವಿಲ್ಲದ್ದೆಂದು ಖಚಿತವಾದ ಒಂದನ್ನೂ, ರೋಗವಿದ್ದುದೆಂದು ಖಚಿತವಾದ ಇನ್ನೊಂದನ್ನೂ ಕಳುಹಿಸುತ್ತಾರೆ. ಮೂರಕ್ಕೂ ಹೆಸರನ್ನು ಬರೆಯದೆ ಅಂಕಿಗಳನ್ನಷ್ಟೇ ಬರೆಯುತ್ತಾರೆ. ಗೊತ್ತಿದ್ದ ಎರಡರ ಉತ್ತರ ಸರಿಯಾಗಿ ಬಂದರೆ ಗೊತ್ತಿಲ್ಲದ ಮೂರನೆಯದನ್ನು ನಂಬಬಹುದು. ಇದಕ್ಕೆ ಎರಡು ಮಾದರಿಗಳ ಶುಲ್ಕ ಹೆಚ್ಚಾಗುತ್ತದೆ, ನಿಜ. ತಪ್ಪು ಉತ್ತರವನ್ನು ನಂಬಿ ತೋಟವನ್ನು ಕಿತ್ತವನ ನಷ್ಟಕ್ಕೆ ಹೋಲಿಸಿದರೆ ಅದು ಅಲ್ಪವೇ.

ಇನ್ನೊಂದು ಅಪಾಯವನ್ನೂ ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. ಅಳತೆಯನ್ನು ಕೊಳ್ಳುವುದು ಬೇರೆ, ಪಾಂಡಿತ್ಯವನ್ನು ಕೊಳ್ಳುವುದು ಬೇರೆ. ಅಂತರ್ಜಾಲದಲ್ಲಿ ಪ್ರಬಂಧವನ್ನೇ ಬರೆದುಕೊಡುವೆವೆಂಬ ಅಂಗಡಿಗಳೂ ಬಾಗಿಲು ತೆರೆದಿವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳ ಪ್ರಕಾರ, ಪ್ರೌಢ ಪ್ರಬಂಧದಲ್ಲಿ ನಕಲಿನ ಪ್ರಮಾಣ ಶೇಕಡ 60ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಆದರೆ ಹೋಲಿಕೆಯನ್ನು ಹುಡುಕುವ ಗಣಕಯಂತ್ರವು ಕದ್ದ ಮಾತನ್ನು ಹಿಡಿಯಬಲ್ಲದೇ ಹೊರತು, ಹಣ ಕೊಟ್ಟು ಹೊಸದಾಗಿ ಬರೆಯಿಸಿದ ಮಾತನ್ನು ಸುಲಭವಾಗಿ ಹಿಡಿಯಲಾರದು. ಅದನ್ನು ಹಿಡಿಯುವವರು ಮೌಖಿಕ ಪರೀಕ್ಷೆಯಲ್ಲಿ ಎದುರಿಗೆ ಕುಳಿತ ಪರೀಕ್ಷಕರು. 'ಈ ಅಂಕಿ ಹೇಗೆ ಬಂದಿತು? ಬೇರೆ ಬಗೆಯಲ್ಲಿ ಬಂದಿದ್ದರೆ ಏನೆಂದು ತಿಳಿಯುತ್ತಿದ್ದಿರಿ?' ಎಂಬ ಎರಡು ಪ್ರಶ್ನೆಗಳು ಸಾಕು.

ಯಂತ್ರ ಯಾರದಾದರೂ ಆಗಲಿ, ಬಾಡಿಗೆ ಎಷ್ಟಾದರೂ ಆಗಲಿ, ಮಗಳು ಆ ಎರಡು ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಹೇಳಿದಳೆಂದರೆ ಸಂಶೋಧನೆ ಅವಳದೇ. ಹೊರಗಿನಿಂದ ತಂದ ಅಂಕಿಯನ್ನು ಪ್ರಬಂಧದಲ್ಲಿ ಕಾಣಿಸುವಾಗ ಅಳೆದುಕೊಟ್ಟ ಪ್ರಯೋಗಶಾಲೆಯ ಹೆಸರನ್ನೂ ಅದರೊಡನೆ ಬರೆದರೆ, ಅವಳಿಗೆ ಅಗೌರವವೇನೂ ಇಲ್ಲ. ಮುಂದೆ ಅದೇ ದಾರಿಯಲ್ಲಿ ಬರುವವರಿಗೆ ಯಾರನ್ನು ಕೇಳಬೇಕೆಂಬುದಾದರೂ ತಿಳಿಯುತ್ತದೆ.