ಭದ್ರಾವತಿಗೆ ಕೆಲಸ ಬೇಕು, ಅಕೇಶಿಯಾ ಬೇಡ

ಭದ್ರಾವತಿಯ ಕಾರ್ಖಾನೆಗಳ ಮಾತು ಬಂದಾಗಲೆಲ್ಲ ಅದು ಭದ್ರಾವತಿಯವರ ತಾಪತ್ರಯ ಎಂದು ಉಳಿದವರು ಸುಮ್ಮನಾಗುತ್ತಾರೆ. ಜಯಪುರದವಳಾದ ನನಗೆ ಹಾಗೆ ಸುಮ್ಮನಿರಲು ಆಗುವುದಿಲ್ಲ. ಶೃಂಗೇರಿಯ ತುಂಗೆಗೂ ಬಾಳೆಹೊನ್ನೂರಿನ ಭದ್ರೆಗೂ ನಡುವಿನ ಊರು ನಮ್ಮದು. ಕೆಳಗೆ, ಶಿವಮೊಗ್ಗದ ಮಗ್ಗುಲಲ್ಲಿ, ಹೊಳೆಯ ದಂಡೆಗೆ ಆ ಪಟ್ಟಣ ಎದ್ದು ನಿಂತದ್ದೇ ಮೇಲಿನ ಮಲೆನಾಡಿನ ಮರ, ಅದಿರು, ನೀರನ್ನು ನೆಚ್ಚಿಕೊಂಡು.

1918ರಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದಾಗ ಊರಿಗೆ ಬೆಂಕಿಪುರ ಎಂಬ ಹೆಸರಿತ್ತು. ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಇದ್ದಿಲಿನ ಕುಲುಮೆ ಕಟ್ಟಿದರು. ಇದ್ದಿಲಿಗೆ ಸುತ್ತಲಿನ ಕಾಡು ಕಡಿದರು, ಅದಿರನ್ನು ಕೆಮ್ಮಣ್ಣುಗುಂಡಿಯಿಂದ ಇಳಿಸಿದರು. 1923ರಲ್ಲಿ ಕಬ್ಬಿಣ ಹರಿಯಿತು; ವಿಶ್ವೇಶ್ವರಯ್ಯನವರು ಕಾರ್ಖಾನೆಯ ಹೊಣೆ ಹೊತ್ತದ್ದೂ ಅದೇ ವರ್ಷ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಆ ಕಾರ್ಖಾನೆಗೆ ಮೊದಮೊದಲು ನಮ್ಮ ಬಿದಿರು ಹೋಯಿತು, ಆಮೇಲೆ ನೀಲಗಿರಿ, ಅಕೇಶಿಯಾ.

ಅಕ್ಕ ಮದುವೆಯಾಗಿ ಹೋದದ್ದು ಆ ಕಾಗದ ಕಾರ್ಖಾನೆಯ ಕಾಲೊನಿಯಾದ ಪೇಪರ್ ಟೌನಿನ ಕ್ವಾರ್ಟರ್ಸ್‌ಗೆ. ರಜೆಯಲ್ಲಿ ಅಲ್ಲಿಗೆ ಹೋದರೆ ಮನೆಯ ದಿನಚರಿಯೆಲ್ಲ ಭಾವನ ಶಿಫ್ಟಿನ ಮೇಲೆ ನಡೆಯುತ್ತಿತ್ತು. ರಾತ್ರಿಪಾಳಿ ಮುಗಿಸಿ ಬಂದು ಮಲಗಿದವರಿಗೆ ಎಚ್ಚರವಾಗದಂತೆ ಪಾತ್ರೆ ತೊಳೆಯುವುದನ್ನು ನಾನು ಕಲಿತದ್ದು ಅಲ್ಲಿ. ನ್ಯೂಸ್‌ಪ್ರಿಂಟ್ ತಯಾರಾಗಲು ಶುರುವಾದ ಮೇಲೆ ಭಾವ ಬೆಳಗಿನ ಪತ್ರಿಕೆಯನ್ನು ಓದುವ ಮೊದಲು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. "ನಮ್ಮದೇ ಕಣೇ" ಎನ್ನುವಾಗ ಅವರ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಬೇರೆ ಯಾವ ನೌಕರಿಯವರಲ್ಲೂ ಕಂಡಿಲ್ಲ.

ಆ ಕಾಗದದ ಯಂತ್ರಗಳು 2015ರಲ್ಲಿ ನಿಂತವು. ಕಬ್ಬಿಣ, ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವುದಾಗಿ 2023ರ ಜನವರಿಯಲ್ಲಿ ಹೇಳಿದರು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಅದೇ ವರ್ಷದ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಓಡಿತು. ನೂರು ವರ್ಷದ ಕಾರ್ಖಾನೆಗೆ ಈ ತುಣುಕು ಉಸಿರು ಸಾಲದು.

ಇಂಥ ಪಾಡು ಭದ್ರಾವತಿಗೆ ಮಾತ್ರ ಬಂದದ್ದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ಅಂಚಿನಲ್ಲಿ, ಕ್ಲೈಡ್ ನದಿಯ ದಂಡೆಗೆ ಕ್ಲೈಡ್‌ಬ್ಯಾಂಕ್ ಎಂಬ ಊರಿದೆ. 1971ರಲ್ಲಿ ಆ ನದಿಯ ಹಡಗುಕಟ್ಟೆಗಳಿಗೆ ಸರ್ಕಾರ ಸಾಲ ನಿಲ್ಲಿಸಿದಾಗ ಕಾರ್ಮಿಕರು ಮುಷ್ಕರ ಹೂಡಲಿಲ್ಲ. ಗೇಟು ತಮ್ಮ ವಶಕ್ಕೆ ತೆಗೆದುಕೊಂಡು ಕೆಲಸ ಮುಂದುವರಿಸಿದರು. ಮರುವರ್ಷ ಸರ್ಕಾರವೇ ಹಣ ಕೊಟ್ಟಿತು. ಆದರೂ ಮುಂದೆ ಕ್ಲೈಡ್‌ಬ್ಯಾಂಕಿನ ಹಡಗುಕಟ್ಟೆ ಉಳಿಯಲಿಲ್ಲ. 1907ರ ದೈತ್ಯ ಕ್ರೇನೊಂದು ಈಗ ಒಂಟಿಯಾಗಿ ನಿಂತಿದೆ. ಒಮ್ಮೆ ಕೊಟ್ಟ ದುಡ್ಡಿನಿಂದ ಒಂದು ಊರು ಉಳಿಯುವುದಿಲ್ಲ. ಅಷ್ಟು ದೂರವಾದರೂ ಯಾಕೆ, ಭದ್ರೆಯ ಮೇಲ್ಭಾಗದಲ್ಲೇ ಕುದುರೆಮುಖವಿದೆ. 2005ರ ಕೊನೆಗೆ ಗಣಿಗಾರಿಕೆ ನಿಂತಮೇಲೆ ಆ ಕಾಲೊನಿ ಹೇಗೆ ಖಾಲಿಯಾಯಿತೆಂಬುದನ್ನು ನಮ್ಮ ಕಡೆಯವರೆಲ್ಲ ಕಣ್ಣಾರೆ ಕಂಡಿದ್ದಾರೆ. ಭದ್ರಾವತಿಯ ಕಾರ್ಖಾನೆ ಕಾಲೊನಿಗಳಾದ ನ್ಯೂಟೌನ್, ಪೇಪರ್ ಟೌನ್‌ಗಳಿಗೆ ಆ ಗತಿ ಬರಬಾರದು.

ಆದರೆ ಕಾರ್ಖಾನೆ ಉಳಿಸುವ ಹೆಸರಿನಲ್ಲಿ ಕಾಡನ್ನು ಮತ್ತೆ ಬರೆದುಕೊಡುವುದಕ್ಕೆ ನನ್ನ ಖಂಡಿತ ವಿರೋಧವಿದೆ. 1980ರಲ್ಲಿ ಕಾಗದ ಕಾರ್ಖಾನೆಗೆ ಸುಮಾರು 30,000 ಹೆಕ್ಟೇರ್ ಅರಣ್ಯವನ್ನು 40 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದರು. 2020ರಲ್ಲಿ ಅವಧಿ ಮುಗಿದಾಗ ಕಾರ್ಖಾನೆ ನಿಂತು ಐದು ವರ್ಷವಾಗಿತ್ತು. ಆದರೂ 20,000 ಹೆಕ್ಟೇರಿಗೂ ಹೆಚ್ಚು ಭೂಮಿಯನ್ನು ಇನ್ನೂ 40 ವರ್ಷಕ್ಕೆ ಕೊಡಲು ಸರ್ಕಾರ ಆದೇಶ ಮಾಡಿತು. ಕಾಗದವನ್ನೇ ಮಾಡದ ಕಾರ್ಖಾನೆಗೆ ಯಾತರ ಕಾಡು? ಮಲೆನಾಡಿನ ಊರೂರಲ್ಲಿ ಜನ ಇದನ್ನೇ ಕೇಳಿದರು.

ಗುತ್ತಿಗೆಯ ಭೂಮಿಯಲ್ಲಿ ಬೆಳೆಸಿದ ಅಕೇಶಿಯಾ ತೋಪಿನೊಳಗೆ ಕಾಲಿಟ್ಟವರಿಗೆ ಅದು ಎಂಥ ಕಾಡೆಂದು ಗೊತ್ತು. ಕೊಳೆಯದ ಒಣಎಲೆ ಕಾಲಡಿಯಲ್ಲಿ ಸರಬರ ಎನ್ನುತ್ತದೆ. ಹಲಸಿಲ್ಲ, ಹೆಬ್ಬಲಸಿಲ್ಲ, ನೇರಳೆಯಿಲ್ಲ, ಮುರುಗಲಿಲ್ಲ. ಮಂಗಗಳು ತೋಟಕ್ಕೆ ನುಗ್ಗಿ ಬಾಳೆಗೊನೆ, ಎಳೆ ಅಡಿಕೆ ಹಾಳುಮಾಡುತ್ತವೆ ಎಂದು ನಾವು ದಿನಾ ಬೈಯುತ್ತೇವೆ. ಆ ತೋಪಿನಲ್ಲಿ ಅವು ತಿನ್ನುವುದಾದರೂ ಏನನ್ನು?

ಉಕ್ಕಿಗೆ ಈಗ ನಮ್ಮ ಇದ್ದಿಲೂ ಬೇಡ, ಕೆಮ್ಮಣ್ಣುಗುಂಡಿಯೂ ಬೇಡ. ಬಳ್ಳಾರಿ ಸೀಮೆಯ ಅದಿರು, ಬಂಡವಾಳ, ಹೊಸ ಯಂತ್ರ ಬೇಕು. ಅವನ್ನು ಕೇಂದ್ರ ಸರ್ಕಾರ ಕೊಡಲಿ. ಕಾಗದವನ್ನು ರದ್ದಿಯಿಂದಲೂ ಮಾಡುತ್ತಾರೆ, ರೈತರು ತಮ್ಮ ಹೊಲದಲ್ಲಿ ಬೆಳೆದ ಮರದಿಂದಲೂ ಮಾಡುತ್ತಾರೆ. ಯಾರೇ ಕಾಗದ ಕಾರ್ಖಾನೆಯನ್ನು ವಹಿಸಿಕೊಳ್ಳಲು ಬಂದರೂ ಕರಾರುಪತ್ರದಲ್ಲಿ ಅರಣ್ಯದ ಒಂದು ಗುಂಟೆಯೂ ಇರಕೂಡದು. ಗುತ್ತಿಗೆಯ ಭೂಮಿ ಅರಣ್ಯ ಇಲಾಖೆಗೆ ಮರಳಬೇಕು, ಅಕೇಶಿಯಾ ಕಡಿದ ಜಾಗದಲ್ಲಿ ಮತ್ತೆ ಅಕೇಶಿಯಾ ನೆಡದೆ ಕಾಡುಮರಗಳ ಸಸಿ ನೆಡಬೇಕು. ಆ ನರ್ಸರಿ, ನೆಡುವಿಕೆ, ಕಾವಲಿನ ಕೆಲಸದಲ್ಲಿ ಕಾರ್ಖಾನೆಯ ನೆಡುತೋಪುಗಳಲ್ಲಿ ದುಡಿದವರಿಗೇ ಮೊದಲ ಅವಕಾಶ ಸಿಗಬೇಕು.